ಎಡಿನ್‌ಬರೊದಲ್ಲಿ ಹಳೆಯ ಸಿಂಗಲ್ ಮಾಲ್ಟ್ ಟೇಸ್ಟಿಂಗ್‌ಗೆ ದುಡ್ಡು ಕಟ್ಟುವ ಮುನ್ನ

ಈ ಕಡೆ ಬರುವ ಗೆಳೆಯರೆಲ್ಲ ದಯವಿಟ್ಟು ಓದಿ. ಹಳೆಯ ಸಿಂಗಲ್ ಮಾಲ್ಟ್ (ಬಟ್ಟಿ ಇಳಿಸುವ ಒಂದೇ ಕಾರ್ಖಾನೆಯಲ್ಲಿ, ಅಂದರೆ ಡಿಸ್ಟಿಲರಿಯಲ್ಲಿ, ಮೊಳಕೆ ಬರಿಸಿದ ಬಾರ್ಲಿಯಿಂದ ಮಾಡಿದ ವಿಸ್ಕಿ) ರುಚಿ ನೋಡುವ ಟೇಸ್ಟಿಂಗ್‌ಗೆ ಬುಕ್ ಮಾಡುವ ಮೊದಲು ಒಂದೇ ಒಂದು ಪ್ರಶ್ನೆ ಕೇಳಿ: ಬಾಟಲಿಯಿಂದ ನಮ್ಮ ಕಣ್ಣೆದುರೇ ಸುರಿಯುತ್ತೀರಾ? ಉತ್ತರ ಹಾರಿಸಿದರೆ ಹೋಗಲೇಬೇಡಿ.

ಕಳೆದ ಚಳಿಗಾಲ ಇಲ್ಲಿನ ಒಂದು ಖಾಸಗಿ ಟೇಸ್ಟಿಂಗ್‌ನಲ್ಲಿ ನನಗೆ ಮೋಸವಾಯಿತು. ಎಲ್ಲರೂ ಬಂದಿದ್ದು ಪಟ್ಟಿಯ ಕೊನೆಯದಕ್ಕಾಗಿ: ಐಲಾ ದ್ವೀಪದ ಕಲ್ ಈಲಾ ಡಿಸ್ಟಿಲರಿಯ ವಿಸ್ಕಿ, 30 ವರ್ಷದ್ದು, ಸ್ವತಂತ್ರ ಬಾಟ್ಲರ್ ಒಬ್ಬರದು. ಡಿಸ್ಟಿಲರಿಯಿಂದ ಪೀಪಾಯಿ ಕೊಂಡು, ಮಾಗಲು ಬಿಟ್ಟು, ತಮ್ಮದೇ ಲೇಬಲ್ ಅಂಟಿಸಿ ಮಾರುವವರು ಇವರು. ಎಲ್ಗಿನ್ ಊರಿನ ಗಾರ್ಡನ್ ಅಂಡ್ ಮ್ಯಾಕ್‌ಫೇಲ್ 1895ರಿಂದ ಇದ್ದಾರೆ. ಮರ್ಯಾದೆಯ ಕಸುಬು, ನನ್ನ ದೂರು ಬಾಟ್ಲರ್‌ಗಳ ಮೇಲಲ್ಲ.

ಇಂಥ ಬಾಟಲಿಯ ಲೇಬಲ್ ಅಂದರೆ ಆ ವಿಸ್ಕಿಯ ಜಾತಕ. ಬಟ್ಟಿ ಇಳಿಸಿದ ವರ್ಷ, ಪೀಪಾಯಿಯ ನಂಬರು, ಅದು ಎಂಥ ಪೀಪಾಯಿ, ಎಷ್ಟು ಬಾಟಲಿಯಾಯಿತು, ಎಲ್ಲ ಅದರಲ್ಲಿರುತ್ತದೆ. ಅವತ್ತು ಮೇಜಿನ ಮೇಲಿಟ್ಟಿದ್ದ ಬಾಟಲಿಯಲ್ಲೂ ಇತ್ತು: ರೀಫಿಲ್ ಹಾಗ್ಸ್‌ಹೆಡ್ (ಮೊದಲೇ ವಿಸ್ಕಿಗೆ ಬಳಸಿದ ದೊಡ್ಡ ಪೀಪಾಯಿ), ಶೇ. 50ಕ್ಕಿಂತ ಹೆಚ್ಚು ಆಲ್ಕೋಹಾಲ್, ಬಣ್ಣ ಬೆರೆಸಿಲ್ಲ, ಚಿಲ್ ಫಿಲ್ಟರ್ (ಮಸುಕಾಗದಂತೆ ತಣ್ಣಗೆ ಮಾಡಿ ಸೋಸುವುದು) ಮಾಡಿಲ್ಲ. ಗ್ಲಾಸುಗಳು ಮಾತ್ರ ಒಳಗಿನ ಕೋಣೆಯಿಂದ ತುಂಬಿಕೊಂಡೇ ಬಂದವು.

ಗ್ಲಾಸಿನಲ್ಲಿದ್ದದ್ದು ಕಡು ಕಂದು. ಹಲವು ಸಲ ಬಳಸಿದ ಪೀಪಾಯಿ ಅಷ್ಟು ಬಣ್ಣ ಬಿಡುವುದಿಲ್ಲ, 30 ವರ್ಷವಾದರೂ ತಿಳಿ ಹೊನ್ನಿನ ಬಣ್ಣವೇ ಹೆಚ್ಚು. ಕಲ್ ಈಲಾದ ಬಾರ್ಲಿಯನ್ನು ಪೀಟ್ (ಜೌಗು ನೆಲದಿಂದ ಅಗೆದ, ಉರುವಲಾಗುವ ಮಣ್ಣು) ಹೊಗೆಯಲ್ಲಿ ಒಣಗಿಸುತ್ತಾರೆ, ವಿಸ್ಕಿಗೂ ಆ ವಾಸನೆ ಬರುತ್ತದೆ. ವಯಸ್ಸಾದಂತೆ ಹೊಗೆ ಮೆತ್ತಗಾಗುತ್ತದೆ ನಿಜ, ಆದರೆ ಇದರಲ್ಲಿ ಸುಳಿವೇ ಇರಲಿಲ್ಲ. ಮೂಗಿಗೆ ಬಂದದ್ದು ಬರೀ ಸಕ್ಕರೆ ಪಾಕದ ವಾಸನೆ. ತಣ್ಣೀರು ಬೆರೆಸುತ್ತಾ ಹೋದೆ. ಫಿಲ್ಟರ್ ಮಾಡದ ವಿಸ್ಕಿಯಲ್ಲಿ ಆಲ್ಕೋಹಾಲ್ ಶೇ. 46ಕ್ಕಿಂತ ಕೆಳಗಿಳಿದರೆ ಅದರೊಳಗಿನ ಕೊಬ್ಬಿನಂಶ ಸಾಮಾನ್ಯವಾಗಿ ಮಸುಕಾಗಿ ಕಾಣಿಸಿಕೊಳ್ಳುತ್ತದೆ. ಇದು ಕೊನೆಯವರೆಗೂ ತಿಳಿಯಾಗಿಯೇ ಉಳಿಯಿತು. ಒಂದೊಂದೇ ಆಗಿದ್ದರೆ ಸುಮ್ಮನಿರಬಹುದಿತ್ತು, ಮೂರೂ ಒಟ್ಟಿಗೆ ತಪ್ಪಿದರೆ ಹೇಗೆ ನಂಬುವುದು? ಕೇಳಿದ್ದಕ್ಕೆ ನಡೆಸುವವನು "ಹಳೆಯ ಮಾಲ್ಟ್ ಹೀಗೇ ಇರೋದು" ಎಂದು ಹೇಳಿ ಬಾಟಲಿಯನ್ನು ಎತ್ತಿಕೊಂಡು ಒಳಗೆ ಹೋದ.

ಇದು ಎಲ್ಲೋ ಅಪರೂಪಕ್ಕೆ ಆಗುವುದಲ್ಲ. 2018ರಲ್ಲಿ ಸ್ಕಾಟ್ಲೆಂಡಿನ ಈಸ್ಟ್ ಕಿಲ್‌ಬ್ರೈಡ್‌ನ ಪ್ರಯೋಗಾಲಯದಲ್ಲಿ 55 ಅಪರೂಪದ ಸ್ಕಾಚ್ ಬಾಟಲಿಗಳನ್ನು ಪರೀಕ್ಷಿಸಿದಾಗ 21 ನಕಲಿಯಾಗಿದ್ದವು, ಇಲ್ಲವೇ ಲೇಬಲ್ಲಿನಲ್ಲಿದ್ದ ವರ್ಷದವಾಗಿರಲಿಲ್ಲ. ಅದರ ಹಿಂದಿನ ವರ್ಷ ಸ್ವಿಟ್ಜರ್ಲೆಂಡಿನ ಹೋಟೆಲೊಂದರಲ್ಲಿ ಸುಮಾರು ಹತ್ತು ಸಾವಿರ ಫ್ರಾಂಕಿಗೆ ಒಂದು ಪೆಗ್ ಮಾರಿದ '1878ರ ಮೆಕ್ಯಾಲನ್' 1970ರ ಆಸುಪಾಸಿನ ಮಿಶ್ರ ವಿಸ್ಕಿ ಎಂದು ಗೊತ್ತಾಯಿತು. ಆ ಹೋಟೆಲಿನವರು ಹಣವನ್ನಾದರೂ ಹಿಂದಿರುಗಿಸಿದರು. ಒಳ್ಳೆಯ ವಿಸ್ಕಿಯ ಖಾಲಿ ಬಾಟಲಿಗಳೂ ಆನ್‌ಲೈನಿನಲ್ಲಿ ಮಾರಾಟವಾಗುತ್ತವೆ, ಯಾಕೆಂದು ಯೋಚಿಸಿ.

ಹೋದರೆ ಮೊದಲು ಲೇಬಲ್ಲಿನ ಫೋಟೊ ತೆಗೆದುಕೊಳ್ಳಿ, ಪೀಪಾಯಿ ನಂಬರನ್ನು ಬಾಟ್ಲರ್‌ಗೆ ಮೇಲ್ ಮಾಡಿ ಕೇಳಿ, ಕಾರ್ಡಿನಲ್ಲೇ ಹಣ ಕೊಡಿ. ಅನುಮಾನ ಬಂದರೆ ಗ್ಲಾಸಿನಲ್ಲಿ ಉಳಿದದ್ದನ್ನು ಚಿಕ್ಕ ಸೀಸೆಯಲ್ಲಿ ಹಾಕಿಕೊಂಡು ಬನ್ನಿ. ನಾನು ನಗರಸಭೆಯ ಟ್ರೇಡಿಂಗ್ ಸ್ಟ್ಯಾಂಡರ್ಡ್ಸ್‌ಗೆ (ವ್ಯಾಪಾರದ ಮೋಸಗಳನ್ನು ವಿಚಾರಿಸುವ ವಿಭಾಗ) ದೂರು ಕೊಟ್ಟಿದ್ದೇನೆ. ಹಣ ಇನ್ನೂ ಬಂದಿಲ್ಲ.