ಕಡಲ್ಗಳ್ಳರ ಎರಡು ಸಿನಿಮಾ: ನಾನು ಕೊಂಡುಕೊಂಡದ್ದು ‘ಎ ಹೈಜ್ಯಾಕಿಂಗ್’

ಸೊಮಾಲಿಯಾದ ಕಡಲ್ಗಳ್ಳರ ಬಗ್ಗೆ ಒಂದರ ಬೆನ್ನಿಗೆ ಒಂದು ಎರಡು ಸಿನಿಮಾ ಬಂದವು. 2012ರಲ್ಲಿ ಡ್ಯಾನಿಶ್ ನಿರ್ದೇಶಕ ಟೋಬಿಯಾಸ್ ಲಿಂಡ್‌ಹೋಮ್ ಅವರ ‘ಎ ಹೈಜ್ಯಾಕಿಂಗ್’, 2013ರಲ್ಲಿ ಪಾಲ್ ಗ್ರೀನ್‌ಗ್ರಾಸ್ ಅವರ ‘ಕ್ಯಾಪ್ಟನ್ ಫಿಲಿಪ್ಸ್’. ಎರಡನ್ನೂ ಬಾಡಿಗೆಗೆ ಪಡೆದು ನೋಡಿದೆ. ಆಮೇಲೆ ಪೂರ್ತಿ ದುಡ್ಡು ಕೊಟ್ಟು ಕೊಂಡುಕೊಂಡದ್ದು ಡ್ಯಾನಿಶ್ ಚಿತ್ರವನ್ನು.

‘ಕ್ಯಾಪ್ಟನ್ ಫಿಲಿಪ್ಸ್’ ಕೆಟ್ಟ ಸಿನಿಮಾ ಅಲ್ಲವೇ ಅಲ್ಲ. 2009ರ ಏಪ್ರಿಲ್‌ನಲ್ಲಿ ‘ಮರ್ಸ್ಕ್ ಅಲಬಾಮಾ’ ಹಡಗಿನ ಮೇಲೆ ನಡೆದ ದಾಳಿಯ ಕಥೆ ಅದು. ಪುಟ್ಟ ದೋಣಿಯೊಂದು ಆ ದೊಡ್ಡ ಸರಕು ಹಡಗಿನ ಮಗ್ಗುಲಿಗೆ ಬಂದು ಏಣಿ ಸಿಕ್ಕಿಸುವ ಹೊತ್ತಿಗೆ ಉಸಿರು ಬಿಗಿಯಾಗುತ್ತದೆ. ಈ ಚಿತ್ರಕ್ಕೂ ಮೊದಲು ಸಿನಿಮಾದಲ್ಲಿ ನಟಿಸಿಯೇ ಇರದ ಬರ್ಖಾದ್ ಅಬ್ದಿ ಕಳ್ಳರ ನಾಯಕನಾಗಿ, ಹಡಗಿನ ಕ್ಯಾಪ್ಟನ್ ಫಿಲಿಪ್ಸ್ ಪಾತ್ರದ ಟಾಮ್ ಹ್ಯಾಂಕ್ಸ್ ಎದುರು ನಿಂತು ಒಂದಿಷ್ಟೂ ಮಂಕಾಗುವುದಿಲ್ಲ. ಕೊನೆಯ ವೈದ್ಯಕೀಯ ತಪಾಸಣೆಯ ದೃಶ್ಯದಲ್ಲಿ ಹ್ಯಾಂಕ್ಸ್ ಮಾಡಿರುವುದನ್ನು ಬೇರೆ ಯಾವ ನಟನಿಂದಲೂ ನಾನು ಕಂಡಿಲ್ಲ.

ನನಗೆ ತೊಡಕಾದದ್ದು ಚಿತ್ರದ ದ್ವಿತೀಯಾರ್ಧ. ಕಳ್ಳರು ಫಿಲಿಪ್ಸ್‌ನನ್ನು ಒತ್ತೆಯಾಗಿಟ್ಟುಕೊಂಡು, ಕಥೆ ಮುಚ್ಚಿದ ಲೈಫ್‌ಬೋಟಿನೊಳಗೆ ಇಳಿದ ಮೇಲೆ ಕ್ಯಾಮೆರಾ ಒಂದು ಕ್ಷಣವೂ ನಿಲ್ಲುವುದಿಲ್ಲ. ಕತ್ತಲು, ಬೆವರು, ಕಿರುಚಾಟ, ಅಲೆಯ ಹೊಯ್ದಾಟ. ಚಿತ್ರಮಂದಿರದಲ್ಲಿ ಇದೇ ಅದರ ಬಲವಾಗಿದ್ದಿರಬೇಕು. ಮನೆಯ ಟಿವಿಯಲ್ಲಿ ಕತ್ತಲೆಯಲ್ಲಿರುವ ಮುಖಗಳು ಒಂದಕ್ಕೊಂದು ಬೆರೆತುಹೋಗಿ, ಮಾತಾಡುತ್ತಿರುವವನು ಯಾರೆಂದೇ ತಿಳಿಯುತ್ತಿರಲಿಲ್ಲ. ಬೆಳಕು ಹೆಚ್ಚಿಸಿದರೆ ಕಪ್ಪೆಲ್ಲ ಬೂದಿ ಬಣ್ಣ. ಟಿವಿಯಲ್ಲಿ ಚಲನೆಯನ್ನು ನುಣುಪು ಮಾಡುವ ಸೆಟ್ಟಿಂಗ್ ಇರುತ್ತದಲ್ಲ, ಅದು ಆನ್ ಆಗಿದ್ದರಂತೂ ಕೈಯಲ್ಲಿ ಹಿಡಿದ ಕ್ಯಾಮೆರಾದ ಒರಟುತನವೆಲ್ಲ ಮಾಯವಾಗಿ ಧಾರಾವಾಹಿ ನೋಡಿದಂತಾಗುತ್ತದೆ. ಅದನ್ನು ಆಫ್ ಮಾಡಿದ ಮೇಲೆ ಚಿತ್ರ ಸರಿಹೋಯಿತು, ತಲೆಸುತ್ತು ಶುರುವಾಯಿತು. ಹಿಂದೆ ಸರಿದು ಕೂತರೆ ಸಬ್‌ಟೈಟಲ್ ಕಾಣದು.

ಶಬ್ದದ ಕಥೆಯೂ ಇದೇ. ಪಿಸುಮಾತು ಕೇಳಲೆಂದು ವಾಲ್ಯೂಮ್ ಏರಿಸಿದರೆ ಮರುಕ್ಷಣವೇ ಗುಂಡಿನ ಸದ್ದು, ಹೆಲಿಕಾಪ್ಟರ್. ನಾನು ಸಿನಿಮಾ ನೋಡುವುದು ರಾತ್ರಿ, ಮನೆಯವರೆಲ್ಲ ಮಲಗಿದ ಮೇಲೆ. ರಿಮೋಟ್ ಕೈಯಿಂದ ಕೆಳಗಿಡುವ ಹಾಗೇ ಇರಲಿಲ್ಲ.

‘ಎ ಹೈಜ್ಯಾಕಿಂಗ್’ ದಾಳಿಯನ್ನು ತೋರಿಸುವುದೇ ಇಲ್ಲ! ಹಡಗು ಕಳ್ಳರ ವಶವಾದ ಸುದ್ದಿ ಕೋಪನ್‌ಹೇಗನ್ನಿನ ಕಚೇರಿಗೆ ಬಂದಾಗಲೇ ನಮಗೂ ಗೊತ್ತಾಗುವುದು. ಅಲ್ಲಿಂದ ಮುಂದೆ ಇರುವುದು ಎರಡೇ ಜಾಗ: ಅಡುಗೆಯವ ಮಿಕೆಲ್ ಒತ್ತೆಯಾಗಿರುವ ಹಡಗು, ಕಂಪನಿಯ ಮುಖ್ಯಸ್ಥ ಪೀಟರ್ ಫೋನ್ ಮುಂದೆ ಕೂತಿರುವ ಕೋಣೆ. ನಡುವೆ ಚೌಕಾಸಿ. ಕಳ್ಳರು ಕೇಳುವುದು ಒಂದೂವರೆ ಕೋಟಿ ಡಾಲರ್, ಕಂಪನಿಯ ಮೊದಲ ಉತ್ತರ ಎರಡೂವರೆ ಲಕ್ಷ. ಬೇಗ ಒಪ್ಪಿಕೊಂಡರೆ ಬೇಡಿಕೆ ಏರುತ್ತದೆ ಎಂದು ಸಲಹೆಗಾರ ಎಚ್ಚರಿಸುತ್ತಾನೆ. ಅದು ನಿಜವೇ. ಆದರೆ ಲೆಕ್ಕ ಹಿಡಿದು ತಡಮಾಡಿದ ಪ್ರತಿ ದಿನವೂ ಮಿಕೆಲ್‌ನ ಬುದ್ಧಿಯನ್ನು ಚೂರುಚೂರೇ ತಿನ್ನುತ್ತದೆ. ಇಬ್ಬರ ಸಂಕಟವೂ ಅರ್ಥವಾಗುವುದರಿಂದ ಯಾರ ಮೇಲೆ ಸಿಟ್ಟಾಗಬೇಕೆಂದೇ ತೋಚುವುದಿಲ್ಲ.

ಫೋನ್ ದೃಶ್ಯಗಳಲ್ಲಿ ಮಾತು ತಡವಾಗಿ ತಲುಪುತ್ತದೆ, ಮಾರ್ದನಿಸುತ್ತದೆ. ನಿಜವಾಗಿಯೇ ಹಡಗಿಗೆ ಕರೆ ಮಾಡಿ ಚಿತ್ರಿಸಿದ್ದರಂತೆ. ಸಲಹೆಗಾರನ ಪಾತ್ರ ಮಾಡಿದವರ ನಿಜ ಕಸುಬೂ ಅದೇ. ಚಿತ್ರೀಕರಣಕ್ಕೆ ಬಳಸಿದ ‘ರೋಜನ್’ ಹಡಗು ಕೂಡ 2007ರಲ್ಲಿ ಸೊಮಾಲಿ ಕಳ್ಳರ ಕೈಗೆ ಸಿಕ್ಕಿತ್ತು.

ಸಂಗೀತ ಕಡಿಮೆ. ಸಾಹಸ ಬೇಕೆನ್ನುವವರಿಗೆ ಹಿಡಿಸಲಿಕ್ಕಿಲ್ಲ.

ಡ್ಯಾನಿಶ್ ಚಿತ್ರದ ಪಾತ್ರಗಳು ಕಲ್ಪಿತ, ಆದರೂ ನನಗೆ ಅದೇ ಹೆಚ್ಚು ನಿಜವೆನಿಸಿತು. ಫಿಲಿಪ್ಸ್ ಅವರನ್ನು ಬಿಡಿಸಲು ಅಮೆರಿಕದ ಯುದ್ಧನೌಕೆ ಬಂತು, ಕೆಲವೇ ದಿನಗಳಲ್ಲಿ ಎಲ್ಲ ಮುಗಿಯಿತು. ಹೆಚ್ಚಿನ ನಾವಿಕರ ಪಾಲಿಗೆ ಯಾರೂ ಬರಲಿಲ್ಲ. 2007ರಲ್ಲಿ ‘ಡಾನಿಕಾ ವೈಟ್’ ಹಡಗಿನ ಐವರು ಜೂನ್‌ನಿಂದ ಆಗಸ್ಟ್‌ವರೆಗೆ ಒತ್ತೆಯಲ್ಲಿದ್ದರು. ‘ಆಸ್ಫಾಲ್ಟ್ ವೆಂಚರ್’ ಹಡಗಿನ ಭಾರತೀಯ ನಾವಿಕರದ್ದು ಇನ್ನೂ ಘೋರ. 2010ರಲ್ಲಿ ಸೆರೆಯಾದರು, 2011ರಲ್ಲಿ ಹಣ ಸಂದಾಯವಾಯಿತು, ಆದರೂ ಏಳು ಮಂದಿಯನ್ನು ಕಳ್ಳರು ಉಳಿಸಿಕೊಂಡರು. ಅವರು ಬಿಡುಗಡೆಯಾದದ್ದು 2014ರಲ್ಲಿ. ಆ ಕಾಯುವಿಕೆ ಹೇಗಿದ್ದಿರಬಹುದೆಂದು ಒಂದಿಷ್ಟಾದರೂ ತಿಳಿಸಿದ್ದು ಮಿಕೆಲ್‌ನ ಮುಖ.

ದೊಡ್ಡ ಪರದೆ, ಒಳ್ಳೆಯ ಸ್ಪೀಕರ್, ಮಧ್ಯೆ ಏಳದೆ ಕೂರಲು ಎರಡು ಗಂಟೆಗೂ ಮಿಕ್ಕಿದ ಸಮಯ ಇದ್ದವರು ‘ಕ್ಯಾಪ್ಟನ್ ಫಿಲಿಪ್ಸ್’ನಿಂದಲೇ ಶುರುಮಾಡಬಹುದು. ನಾನು ಒಂದು ರಾತ್ರಿ ಅರ್ಧ, ಮರುರಾತ್ರಿ ಉಳಿದರ್ಧ ನೋಡುವವಳು. ಬಾಡಿಗೆಯ ಅವಧಿ ಅಷ್ಟರಲ್ಲಿ ಮುಗಿದೇಹೋಗುತ್ತದೆ. ಹಾಗಾಗಿ ಮತ್ತೆ ಮತ್ತೆ ನೋಡುವಂಥದ್ದನ್ನು ಕೊಳ್ಳುವುದೇ ನನಗೆ ಅಗ್ಗ. ‘ಎ ಹೈಜ್ಯಾಕಿಂಗ್’ ಸಣ್ಣ ವಾಲ್ಯೂಮಿನಲ್ಲೂ ನಡೆಯುತ್ತದೆ, ನಿಲ್ಲಿಸಿ ಮುಂದುವರಿಸಿದರೂ ಬಿಗಿ ಸಡಿಲವಾಗುವುದಿಲ್ಲ. ‘ಕ್ಯಾಪ್ಟನ್ ಫಿಲಿಪ್ಸ್’ ಇನ್ನೊಮ್ಮೆ ನೋಡಬೇಕೆನಿಸಿದರೆ ರಜೆಯ ದಿನ ಕಿಟಕಿಗೆ ಪರದೆ ಎಳೆದು, ಬಾಡಿಗೆಗೇ ಪಡೆದು ನೋಡುತ್ತೇನೆ.