ರೋಗಿಗಳಿಲ್ಲದ ಆಸ್ಪತ್ರೆಯ ತರ್ಕ: ‘ಯೆಸ್ ಮಿನಿಸ್ಟರ್’ ಧಾರಾವಾಹಿಯ ವಿಮರ್ಶೆ

ಕಚೇರಿಯ ಬದುಕನ್ನು ವಿಡಂಬಿಸುವ ಟೆಲಿವಿಷನ್ ಧಾರಾವಾಹಿಗಳಲ್ಲಿ ಬಿಬಿಸಿಯ ‘ಯೆಸ್ ಮಿನಿಸ್ಟರ್’ನಷ್ಟು ಹರಿತವಾದದ್ದನ್ನು ನಾನು ಇನ್ನೊಂದು ಕಂಡಿಲ್ಲ. ಆಂಟನಿ ಜೇ ಮತ್ತು ಜೊನಾಥನ್ ಲಿನ್ ಬರೆದ ಈ ಧಾರಾವಾಹಿ 1980ರಿಂದ 1984ರವರೆಗೆ ಪ್ರಸಾರವಾಯಿತು. ಅದರ ಮುಂದುವರಿಕೆಯಾದ ‘ಯೆಸ್, ಪ್ರೈಮ್ ಮಿನಿಸ್ಟರ್’ 1988ರಲ್ಲಿ ಮುಗಿಯಿತು. ಎರಡೂ ಸೇರಿದರೆ 38 ಕಂತುಗಳು.

ಹೊಸ ಮಂತ್ರಿ ಜಿಮ್ ಹ್ಯಾಕರ್ ಆಡಳಿತವನ್ನು ಸುಧಾರಿಸಲು ಹೊರಡುತ್ತಾನೆ, ಇಲಾಖೆಯ ಕಾಯಂ ಕಾರ್ಯದರ್ಶಿ ಸರ್ ಹಂಫ್ರಿ ಅದು ನಡೆಯದಂತೆ ನೋಡಿಕೊಳ್ಳುತ್ತಾನೆ. ಕಥೆ ಇಷ್ಟೇ. ಎರಡನೆಯ ಸರಣಿಯ ಮೊದಲ ಕಂತಿನಲ್ಲಿ ನೂರಾರು ಆಡಳಿತ ಸಿಬ್ಬಂದಿಯಿರುವ, ಆದರೆ ಒಬ್ಬನೇ ಒಬ್ಬ ರೋಗಿಯೂ ಇಲ್ಲದ ಹೊಸ ಆಸ್ಪತ್ರೆಯೊಂದು ಮಂತ್ರಿಯ ಗಮನಕ್ಕೆ ಬರುತ್ತದೆ. ಅದು ದೇಶದ ಅತ್ಯುತ್ತಮ ಆಸ್ಪತ್ರೆಗಳಲ್ಲಿ ಒಂದೆಂದೂ ಸ್ವಚ್ಛತೆಯ ಪ್ರಶಸ್ತಿಯ ಸ್ಪರ್ಧೆಯಲ್ಲಿದೆಯೆಂದೂ ಅವನಿಗೆ ಗಂಭೀರವಾಗಿ ತಿಳಿಸಲಾಗುತ್ತದೆ. ನಗು ಹುಟ್ಟುವುದು ಈ ವಾದದ ಮೂರ್ಖತನದಿಂದಲ್ಲ, ಅದರಲ್ಲಿ ಎಲ್ಲಿಯೂ ಬಿರುಕು ಕಾಣದಿರುವುದರಿಂದ. ಕಡತಗಳು ಚಲಿಸುತ್ತಿವೆ, ವಿಭಾಗಗಳು ಕೆಲಸ ಮಾಡುತ್ತಿವೆ, ಹಾಗಿರುವಾಗ ರೋಗಿಗಳ ಅಗತ್ಯವಾದರೂ ಏನು ಎಂದು ಕ್ಷಣಕಾಲ ನಮಗೂ ಅನ್ನಿಸಿಬಿಡುತ್ತದೆ.

ಹಿಂದಿಯ ‘ಆಫೀಸ್ ಆಫೀಸ್’ನಲ್ಲಿ ಪಂಕಜ್ ಕಪೂರ್ ಅಭಿನಯದ ಮುಸದ್ದಿಲಾಲನೊಂದಿಗೆ ನಾವು ಕಿಟಕಿಯ ಹೊರಗೆ ನಿಂತು ಅಲೆಯುತ್ತೇವೆ, ಲಂಚ ಕೇಳುವವರ ಮೇಲೆ ಸಿಟ್ಟಾಗುತ್ತೇವೆ. ಇಲ್ಲಿ ಕ್ಯಾಮೆರಾ ಮೇಜಿನ ಒಳಬದಿಯಲ್ಲಿದೆ. ಹಂಫ್ರಿ ಲಂಚಕೋರನಲ್ಲ, ಸೋಮಾರಿಯೂ ಅಲ್ಲ. ಮಂತ್ರಿಗಳು ಬಂದುಹೋಗುವವರು, ಇಲಾಖೆ ಉಳಿಯಬೇಕಾದದ್ದು ಎಂದು ಪ್ರಾಮಾಣಿಕವಾಗಿ ನಂಬಿದವನು. ನೈಜೆಲ್ ಹಾಥಾರ್ನ್ ಆ ನಂಬಿಕೆಗೆ ಎಂತಹ ಸೊಗಸು ತಂದಿದ್ದಾರೆಂದರೆ, ಅವನ ಸುದೀರ್ಘ ವಾಕ್ಯಗಳು ಅರ್ಥವಾಗದಿದ್ದರೂ ಕೇಳುತ್ತಿರಬೇಕೆನಿಸುತ್ತದೆ. ಹ್ಯಾಕರ್‌ನ ಪಾತ್ರದಲ್ಲಿ ಪಾಲ್ ಎಡಿಂಗ್ಟನ್ ಅಷ್ಟೇ ಸಮರ್ಥರು: ತತ್ತ್ವದಿಂದ ಆರಂಭಿಸಿದ ಮಾತು ಮತಗಳ ಲೆಕ್ಕಾಚಾರಕ್ಕೆ ಇಳಿಯುವುದು ಅವರ ಕಣ್ಣುಗಳಲ್ಲೇ ಮೊದಲು ಗೊತ್ತಾಗುತ್ತದೆ. ಅನೇಕ ಕಂತುಗಳಲ್ಲಿ ಕೊನೆಗೆ ಇಬ್ಬರೂ ರಾಜಿಯಾಗುತ್ತಾರೆ. ಸೋಲುವವರು ತೆರೆಯ ಮೇಲೆ ಬರುವುದೇ ಇಲ್ಲ.

ಕೊರತೆಗಳಿವೆ. ಮಹಿಳೆಯರಿಗೆ ಸಿಕ್ಕಿರುವ ಅವಕಾಶ ತೀರ ಕಡಿಮೆ, ಸ್ಟುಡಿಯೋ ಪ್ರೇಕ್ಷಕರ ನಗು ಕೆಲವೆಡೆ ಸಂಭಾಷಣೆಯನ್ನು ನುಂಗುತ್ತದೆ, ಆ ಕಾಲದ ಬ್ರಿಟಿಷ್ ಕಾರ್ಮಿಕ ಸಂಘಗಳ ಪ್ರಸ್ತಾಪಗಳು ನಮಗೆ ದೂರದವು. ಆದರೆ ನಮ್ಮ ಸಚಿವಾಲಯಗಳ ಕಾರ್ಯಪದ್ಧತಿಯ ಬೇರು ಬ್ರಿಟಿಷ್ ಆಡಳಿತದಲ್ಲೇ ಇರುವುದರಿಂದ, ‘ಪರಿಶೀಲನೆಯಲ್ಲಿದೆ’ ಎಂಬ ಉತ್ತರ ಪಡೆದ ಕನ್ನಡಿಗರಿಗೆ ಹಂಫ್ರಿಯ ಪರಿಚಯ ಮಾಡಿಕೊಡಬೇಕಾಗಿಲ್ಲ. ಇದೇ ಧಾರಾವಾಹಿಯ ಹಿಂದಿ ರೂಪವಾದ ‘ಜೀ ಮಂತ್ರೀಜಿ’ಯಲ್ಲಿ ಫಾರೂಕ್ ಶೇಖ್ ಮಂತ್ರಿಯಾಗಿದ್ದರು; ಅದನ್ನು ನೋಡಿದವರೂ ಮೂಲವನ್ನು ನೋಡಬೇಕು. ಆಸ್ಪತ್ರೆಯ ಕಂತಿನಿಂದಲೇ ಆರಂಭಿಸಬಹುದು, ಆದರೆ ಸಬ್‌ಟೈಟಲ್ ಹಾಕಿಕೊಳ್ಳುವುದು ಒಳ್ಳೆಯದು.