ಜಾಬ್ ಕಾರ್ಡಿನಲ್ಲಿ ಬರೆಯದೆ ಹೋದ ಮಾತು

ಕಲಬುರಗಿ ನಗರದ ಹೊರವಲಯದ ಒಂದು ಅಧಿಕೃತ ಕಾರು ಸರ್ವಿಸ್ ಕೇಂದ್ರಕ್ಕೆ ಈ ಬೇಸಿಗೆಯಲ್ಲಿ ಒಂದೇ ದೋಷಕ್ಕಾಗಿ ಎರಡು ಬಾರಿ ಹೋಗಿಬಂದಿದ್ದೇನೆ. ಕೇಂದ್ರದ ಹೆಸರನ್ನು ಬೇಕೆಂದೇ ಬರೆದಿಲ್ಲ. ಅಲ್ಲಿ ಕೆಲಸ ಬಲ್ಲವರು ಇಲ್ಲವೆಂಬುದು ನನ್ನ ದೂರಲ್ಲ. ಕೆಲಸ ಬಲ್ಲವರ ಕಿವಿಗೆ ಗ್ರಾಹಕನ ಮಾತು ತಲುಪುವುದಿಲ್ಲ ಎಂಬುದು ನನ್ನ ದೂರು.

ನನ್ನದು ಆರು ವರ್ಷ ಹಳೆಯ ಡೀಸೆಲ್ ಕಾರು, ವಾರಂಟಿ ಮುಗಿದಿದೆ. ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ಸಂಬಂಧಿಕರ ಮದುವೆಗೆಂದು ಬೀದರ್ ಕಡೆಗೆ ಹೊರಟಿದ್ದೆವು. ಕಮಲಾಪುರದವರೆಗೆ ಎಂಬತ್ತರ ವೇಗದಲ್ಲಿ ಯಾವ ತೊಂದರೆಯೂ ಇರಲಿಲ್ಲ. ಅದನ್ನು ದಾಟಿದ ಮೇಲೆ ರಸ್ತೆ ಕಾಮಗಾರಿಯ ಕಾರಣ ಲಾರಿಗಳ ಹಿಂದೆ ಅರ್ಧ ಗಂಟೆ ಆಮೆವೇಗದಲ್ಲಿ ಸಾಗಬೇಕಾಯಿತು, ಆಗ ಎ.ಸಿ.ಯಿಂದ ಬಿಸಿಗಾಳಿ ಬರತೊಡಗಿತು, ನೋಡನೋಡುತ್ತಿದ್ದಂತೆ ಉಷ್ಣಾಂಶದ ಮುಳ್ಳು ಕೆಂಪು ಗೆರೆ ಮುಟ್ಟಿತು. ಕೆಂಪು ಬಾಳೆಹಣ್ಣು ಮಾರುತ್ತಿದ್ದವರೊಬ್ಬರ ನೆರಳಿನಲ್ಲಿ ಗಾಡಿ ನಿಲ್ಲಿಸಿ ಬಾನೆಟ್ ಎತ್ತಿದಾಗ, ಇಂಜಿನ್ ಅಷ್ಟು ಕಾದಿದ್ದರೂ ರೇಡಿಯೇಟರ್ ಫ್ಯಾನ್ ತಿರುಗುತ್ತಿರಲಿಲ್ಲ. ರೇಡಿಯೇಟರ್ ಮುಚ್ಚಳಕ್ಕೆ ಕೈ ಹಾಕಲು ಹೋದ ನನ್ನನ್ನು ಹಿಂದಿನ ಲಾರಿಯ ಚಾಲಕರು ತಡೆದರು. ಇಂಜಿನ್ನನ್ನು ತಣಿಸುವ ದ್ರವವಾದ ಕೂಲಂಟ್ ಒತ್ತಡದಲ್ಲಿದ್ದಾಗ ನೂರು ಡಿಗ್ರಿ ದಾಟಿಯೂ ಕುದಿಯದೆ ಇರುತ್ತದೆ, ಮುಚ್ಚಳ ತೆರೆದ ಕ್ಷಣ ಮುಖಕ್ಕೆ ಚಿಮ್ಮುತ್ತದೆ; ಅವರಿಗೆ ನಾನು ಋಣಿ.

ರಸ್ತೆಬದಿ ನೆರವಿನ ಸಹಾಯವಾಣಿಗೆ ಕರೆ ಮಾಡಿದರೆ, ಯಾವುದೋ ದೂರದ ಊರಿನಲ್ಲಿ ಕುಳಿತವರು ನಾವಿದ್ದ ಜಾಗವನ್ನು ಹಿಂದಿಯಲ್ಲಿ ಮೂರು ಸಲ ಕೇಳಿ ಬರೆದುಕೊಂಡರು. ಗಾಡಿ ಹೊತ್ತೊಯ್ಯುವ ವಾಹನ ಮೂರು ಗಂಟೆಯ ನಂತರ ಬಂತು. ಮದುವೆಯ ಊಟ ತಪ್ಪಿತು.

ಮರುದಿನ ಬೆಳಿಗ್ಗೆ, ಗ್ರಾಹಕರ ದೂರು ಬರೆದುಕೊಳ್ಳುವ ಸರ್ವಿಸ್ ಅಡ್ವೈಸರ್ ಎದುರು ಕುಳಿತು ನಾನು ಹೇಳಿದ್ದು ಇಷ್ಟು: ಹೆದ್ದಾರಿಯಲ್ಲಿ ಓಡುವಾಗ ಗಾಡಿ ಕಾಯುವುದಿಲ್ಲ, ನಿಧಾನವಾದಾಗ ಮಾತ್ರ ಕಾಯುತ್ತದೆ, ಆ ಹೊತ್ತಿನಲ್ಲಿ ಫ್ಯಾನ್ ತಿರುಗುತ್ತಿರಲಿಲ್ಲ. ಈ ಮೂರು ಮಾತುಗಳಲ್ಲಿ ರೋಗಲಕ್ಷಣವೆಲ್ಲ ಇತ್ತು. ವೇಗದಲ್ಲಿ ಹೋಗುವಾಗ ಎದುರುಗಾಳಿಯೇ ರೇಡಿಯೇಟರನ್ನು ತಣಿಸುತ್ತದೆ, ನಿಂತಾಗ ಆ ಕೆಲಸ ಫ್ಯಾನಿನದು. ಆದ್ದರಿಂದ ನಿಂತಾಗ ಮಾತ್ರ ಕಾಯುವ ಗಾಡಿಯಲ್ಲಿ ಮೊದಲು ಫ್ಯಾನನ್ನು, ಅದರ ರಿಲೇ, ಫ್ಯೂಸ್, ವೈರುಗಳನ್ನು ನೋಡಬೇಕೆಂಬುದು ಈ ಕಸುಬಿನ ಮೊದಲ ಪಾಠ. ಆದರೆ ಸಹಿಗೆಂದು ನನ್ನ ಮುಂದೆ ಬಂದ ಜಾಬ್ ಕಾರ್ಡಿನಲ್ಲಿ, ಅಂದರೆ ಗಾಡಿಯ ದೂರನ್ನು ಬರೆದು ಮೆಕ್ಯಾನಿಕ್‌ಗೆ ಕಳುಹಿಸುವ ಕಾಗದದಲ್ಲಿ, ಇದ್ದದ್ದು ‘ಇಂಜಿನ್ ಹೀಟಿಂಗ್’ ಎಂಬ ಎರಡೇ ಪದ. ನಾನೂ ಅವಸರದಲ್ಲಿ ಸಹಿ ಹಾಕಿದೆ; ಅದು ನನ್ನ ತಪ್ಪು. ಒಳಗಿನ ಮೆಕ್ಯಾನಿಕ್‌ಗೆ ಗ್ರಾಹಕನ ಮುಖ ಕಾಣುವುದಿಲ್ಲ, ಆ ಕಾಗದ ಮಾತ್ರ ಕಾಣುತ್ತದೆ. ಸ್ಕ್ಯಾನರ್ ಹಚ್ಚಿ ನೋಡಿದರು, ದೋಷಸಂಕೇತ ಏನೂ ಬರಲಿಲ್ಲ, ಆ ಹೊತ್ತಿಗೆ ಫ್ಯಾನ್ ಕೂಡ ತಿರುಗಿತಂತೆ. ಇಂಜಿನ್ ಕಾದಾಗ ಕೂಲಂಟನ್ನು ರೇಡಿಯೇಟರಿಗೆ ಬಿಡುವ ಕವಾಟವಾದ ಥರ್ಮೋಸ್ಟಾಟ್ ಬದಲಿಸಿ, ಕೂಲಂಟ್ ಹೊಸದಾಗಿ ತುಂಬಿ, ಕೂಲಿಯ ಮೇಲಿನ ಶೇ 18 ಜಿಎಸ್‌ಟಿ ಸೇರಿಸಿ 6,840 ರೂಪಾಯಿ ಬಿಲ್ ಮಾಡಿದರು. ತೆಗೆದ ಹಳೆಯ ಭಾಗವನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಡಿಕ್ಕಿಯಲ್ಲಿ ಇಟ್ಟಿದ್ದರು. ಈ ಶಿಸ್ತನ್ನು ಮೆಚ್ಚಬೇಕು. ಮುಂದೆ ನನಗೆ ಉಪಯೋಗಕ್ಕೆ ಬಂದದ್ದೂ ಅದೇ.

ಕಾಯುವ ಕೋಣೆ ತಂಪಾಗಿದೆ, ಚಹಾ ಚೆನ್ನಾಗಿದೆ, ಗಾಡಿ ತೊಳೆದು ಕೊಡುತ್ತಾರೆ. ಕೀಲಿಕೈ ಕೊಡುವ ಮೊದಲೇ, ‘ಕಂಪನಿಯಿಂದ ಫೋನ್ ಬರುತ್ತದೆ, ಹತ್ತಕ್ಕೆ ಹತ್ತು ಅಂಕ ಕೊಡಿ’ ಎಂದು ಕೇಳಿಕೊಳ್ಳುತ್ತಾರೆ. ರಿಪೇರಿ ಆಗಿದೆಯೋ ಇಲ್ಲವೋ ಎಂಬುದು ಗೊತ್ತಾಗುವ ಮೊದಲೇ ಅಂಕ ಕೊಟ್ಟು ಬಂದೆ.

ಒಂಬತ್ತನೆಯ ದಿನ ಸಂಜೆ, ಸೂಪರ್ ಮಾರ್ಕೆಟ್ ಹತ್ತಿರದ ಗದ್ದಲದಲ್ಲಿ, ಮುಳ್ಳು ಮತ್ತೆ ಏರಿತು. ಈ ಸಲ ಅದೇ ಅಡ್ವೈಸರ್ ವಾಟರ್ ಪಂಪ್ ಮತ್ತು ರೇಡಿಯೇಟರ್ ಎರಡನ್ನೂ ಬದಲಿಸಬೇಕೆಂದು 31,500 ರೂಪಾಯಿಯ ಅಂದಾಜು ಪಟ್ಟಿ ಕೊಟ್ಟರು. ಸಾಮಾನು ಹೊರಗಿನಿಂದ ಬರಬೇಕು, ಒಂದು ವಾರ ಹಿಡಿಯುತ್ತದೆ ಎಂದರು. ಒಂದು ದಿನದ ಸಮಯ ಕೇಳಿ ಮನೆಗೆ ಬಂದೆ. ಹಳೆಯ ಥರ್ಮೋಸ್ಟಾಟನ್ನು ನೀರಿನ ಪಾತ್ರೆಗೆ ಹಾಕಿ ಒಲೆಯ ಮೇಲಿಟ್ಟೆ. ಒಳ್ಳೆಯ ಥರ್ಮೋಸ್ಟಾಟ್ ನೀರು ಕುದಿಯುವ ಮೊದಲೇ, ಸುಮಾರು 80ರಿಂದ 90 ಡಿಗ್ರಿಯ ನಡುವೆ, ತಾನಾಗಿ ಬಾಯಿ ತೆರೆಯುತ್ತದೆ. ಕೆಟ್ಟಿದ್ದರೆ ನೀರು ಕುದಿದರೂ ಮುಚ್ಚಿಕೊಂಡೇ ಇರುತ್ತದೆ. ‘ಏನ್ರೀ ಇದು, ಸಾರಿನ ಬೋಗುಣ್ಯಾಗ ಗಾಡಿ ಸಾಮಾನು ಹಾಕೀರಲ್ಲ!’ ಎಂದು ಮನೆಯವರು ಗದರುತ್ತಿರುವಾಗಲೇ ಅದು ನಿಧಾನವಾಗಿ ತೆರೆದುಕೊಂಡಿತು. ಕೆಡದ ಭಾಗವನ್ನು ತೆಗೆದು ಹೊಸದನ್ನು ಹಾಕಿದ್ದರು.

ಮರುದಿನ ಆ ಚೀಲದೊಂದಿಗೆ ಹೋಗಿ ಮೇಲ್ವಿಚಾರಕರನ್ನೇ ಕಾಣಬೇಕೆಂದು ಪಟ್ಟು ಹಿಡಿದೆ. ಗ್ರಾಹಕರನ್ನು ಒಳಗೆ ಬಿಡುವುದಿಲ್ಲ, ಸುರಕ್ಷತೆಯ ನಿಯಮ ಎಂದರು. ನಿಯಮ ಸರಿಯಾದದ್ದೇ, ಆದರೆ ಮೇಲ್ವಿಚಾರಕರು ಹೊರಗೆ ಬರಬಾರದೆಂಬ ನಿಯಮವಿಲ್ಲವಲ್ಲ. ಮುಕ್ಕಾಲು ಗಂಟೆಯ ನಂತರ ನರೆಗೂದಲಿನ ಹಿರಿಯರೊಬ್ಬರು ಕೈ ಒರೆಸಿಕೊಳ್ಳುತ್ತ ಬಂದು, ನನ್ನ ಮೂರು ಮಾತುಗಳನ್ನು ಕೇಳಿ, ಎ.ಸಿ. ಹಾಕಿಸಿ ಇಂಜಿನ್ನನ್ನು ನಿಂತಲ್ಲೇ ಇಪ್ಪತ್ತು ನಿಮಿಷ ಓಡಿಸಿದರು. ಫ್ಯಾನ್ ಸ್ವಲ್ಪ ಹೊತ್ತು ತಿರುಗಿ ನಿಂತಿತು. ಅವರು ವೈರನ್ನು ಬೆರಳಿನಿಂದ ಒತ್ತಿದಾಗ ಮತ್ತೆ ತಿರುಗಿತು. ಫ್ಯಾನ್ ಮೋಟರಿಗೆ ವಿದ್ಯುತ್ ಕೊಡುವ ಕನೆಕ್ಟರ್ ಒಳಗೆ ಸುಟ್ಟು ಸಡಿಲವಾಗಿತ್ತು. ಕಾದಾಗ ಸಂಪರ್ಕ ತಪ್ಪಿ, ಆರಿದಾಗ ಕೂಡಿಕೊಳ್ಳುತ್ತಿತ್ತು. ‘ಫ್ಯಾನೇ ತಿರಗಲಾರದ ಗಾಡಿಗಿ ಪಂಪ್ ಬದಲ ಮಾಡಿ ಏನ್ ಫಾಯದಾ ಅದರಿ, ಸರ?’ ಎಂದರು. ಕನೆಕ್ಟರ್ ಮತ್ತು ಕೂಲಿ ಸೇರಿ 1,180 ರೂಪಾಯಿ.

ಅವರು ನನ್ನನ್ನೂ ಬಿಡಲಿಲ್ಲ. ಕೂಲಂಟ್ ಡಬ್ಬಿಯ ಒಳಗೋಡೆಗೆ ಅಂಟಿದ್ದ ಬಿಳಿ ಪದರನ್ನು ತೋರಿಸಿ, ಬೋರ್‌ವೆಲ್ ನೀರು ಹಾಕಿದ್ದೀರಾ ಎಂದು ಕೇಳಿದರು. ಎರಡು ಬೇಸಿಗೆಯಿಂದ ಹಾಕುತ್ತಿದ್ದೆ. ಶಹಾಬಾದಿನ ಫರಸಿಕಲ್ಲೂ ಸೇಡಂ ಸುತ್ತಿನ ಸಿಮೆಂಟೂ ಹುಟ್ಟುವ ಸುಣ್ಣದಕಲ್ಲಿನ ನೆಲದ ನೀರು ಅದು. ಬಿಸಿನೀರಿನ ಹಂಡೆಯ ತಳದಲ್ಲಿ ಕಟ್ಟುವ ಸುಣ್ಣವೇ ರೇಡಿಯೇಟರಿನ ಸಣ್ಣ ಕೊಳವೆಗಳಲ್ಲೂ ಕಟ್ಟುತ್ತದೆ. ಕೂಲಂಟಿಗೆ ಬೆರೆಸುವುದಿದ್ದರೆ ಶುದ್ಧೀಕರಿಸಿದ ಡಿಸ್ಟಿಲ್ಡ್ ನೀರನ್ನೇ ಬೆರೆಸಬೇಕೆಂದರು.

ಮೊದಲ ಬಿಲ್ಲಿನ ಹಣ ಕೇಳಿದಾಗ, ಮುಂದಿನ ಸರ್ವಿಸ್‌ನಲ್ಲಿ ರಿಯಾಯಿತಿ ಕೊಡುತ್ತೇವೆ ಎಂದು ವ್ಯವಸ್ಥಾಪಕರು ಸಾಗಹಾಕಲು ನೋಡಿದರು. ಎರಡೂ ಜಾಬ್ ಕಾರ್ಡು, ಬಿಲ್ಲು, ಪಾತ್ರೆಯಲ್ಲಿ ತೆರೆದುಕೊಂಡ ಥರ್ಮೋಸ್ಟಾಟಿನ ವಿಡಿಯೊ ಇವಿಷ್ಟನ್ನು ಕಂಪನಿಯ ಗ್ರಾಹಕ ವಿಭಾಗಕ್ಕೆ ಇಮೇಲ್ ಮಾಡಿ, ಪರಿಹಾರ ಸಿಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡುವುದಾಗಿಯೂ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಸೇವಾ ನ್ಯೂನತೆಯೆಂದು ಜಿಲ್ಲಾ ಆಯೋಗಕ್ಕೆ ಹೋಗುವುದಾಗಿಯೂ ಬರೆದೆ. 5 ಲಕ್ಷ ರೂಪಾಯಿವರೆಗಿನ ವ್ಯವಹಾರಕ್ಕೆ ಅಲ್ಲಿ ಶುಲ್ಕವಿಲ್ಲ, ಎರಡು ವರ್ಷದೊಳಗೆ ದೂರು ಸಲ್ಲಿಸಬಹುದು. ಅಲ್ಲಿಯವರೆಗೆ ಹೋಗಬೇಕಾಗಲಿಲ್ಲ, ಇಪ್ಪತ್ತೆರಡು ದಿನಗಳ ನಂತರ ಥರ್ಮೋಸ್ಟಾಟಿನ ಬೆಲೆ ಮತ್ತು ಅದರ ಕೂಲಿ ನನ್ನ ಖಾತೆಗೆ ಬಂತು. ಕೂಲಂಟಿನ ಹಣವನ್ನು ನಾನೇ ಬಿಟ್ಟೆ, ಆ ಬಿಳಿ ಪದರನ್ನು ನೋಡಿದ ಮೇಲೆ ಅದನ್ನು ಕೇಳುವ ಮುಖ ನನಗಿರಲಿಲ್ಲ.

ಐದಕ್ಕೆ ಎರಡೂವರೆ ಅಂಕ ಕೊಡುತ್ತೇನೆ. ಅದರಲ್ಲಿ ಎರಡು ಆ ಹಿರಿಯ ಮೇಲ್ವಿಚಾರಕರಿಗೆ. ಜುಲೈನಲ್ಲಿ ಆಯಿಲ್ ಬದಲಿಸಲು ಹೋದಾಗ, ಬ್ರೇಕ್ ಹಿಡಿದರೆ ಎಡಗಡೆಯಿಂದ ಕಿರುಗುಟ್ಟುವ ಸದ್ದು ಯಾವಾಗ ಬರುತ್ತದೆ, ಯಾವಾಗ ಬರುವುದಿಲ್ಲ ಎಂಬುದನ್ನು ಕನ್ನಡದಲ್ಲಿ ನಾಲ್ಕು ಸಾಲು ಬರೆದುಕೊಂಡು ಒಯ್ದಿದ್ದೆ. ಅಡ್ವೈಸರ್ ಅದನ್ನು ಓದಿ, ಎಂದಿನಂತೆ ಎರಡು ಪದ ಟೈಪ್ ಮಾಡಿದರು. ನಾನು ಸಹಿ ಹಾಕದೆ ಕುಳಿತೆ. ಕೊನೆಗೆ ನನ್ನ ಚೀಟಿಯನ್ನೇ ಜಾಬ್ ಕಾರ್ಡಿಗೆ ಪಿನ್ನು ಹಚ್ಚಿ ಒಳಗೆ ಕಳುಹಿಸಿದರು.